ಬಿಟ್ಟು ಓದಬಾರದು

ಗುರುವಾರದ ನೆನಪಿನ ತರಗತಿಯಲ್ಲಿ ಕಪ್ಪು ಕೂದಲಿದ್ದದ್ದು ಅವನೊಬ್ಬನಿಗೇ. ಉಳಿದ ಏಳು ತಲೆಗಳೂ ಒಂದೋ ನೆರೆತವು, ಇಲ್ಲವೇ ಬೋಳಾದವು. ಆಸ್ಪತ್ರೆಯ ಹಿಂಭಾಗದಲ್ಲಿ ನೆಲಮಹಡಿಯ ಕೋಣೆ ಅದು. ಒಂದು ಗೋಡೆಗೆ ದೊಡ್ಡ ಅಂಕಿಗಳ ಗಡಿಯಾರ, ಇನ್ನೊಂದಕ್ಕೆ ಅಂದಿನ ವಾರ, ತಾರೀಖು ಬರೆದ ಬಿಳಿ ಬೋರ್ಡು, ನಡುವೆ ಅರ್ಧಚಂದ್ರದ ಹಾಗೆ ಜೋಡಿಸಿದ ಎಂಟು ಪ್ಲಾಸ್ಟಿಕ್ ಕುರ್ಚಿಗಳು. ಮೊದಲ ದಿನ ಬಾಗಿಲಲ್ಲಿ ನಿಂತ ಅವನನ್ನು ಕಂಡು ಒಬ್ಬ ಯಜಮಾನರು, "ಫ್ಯಾನು ರಿಪೇರಿಗೆ ಬಂದ್ಯೇನಪ್ಪಾ? ಬೇಗ ಮಾಡು, ಸೆಕೆ ತಡೆಯೋಕಾಗ್ತಿಲ್ಲ" ಎಂದಿದ್ದರು.

ಅವನು ಲಿಫ್ಟ್ ಮೆಕ್ಯಾನಿಕ್. ವಯಸ್ಸು ಇಪ್ಪತ್ತೈದು. ಆರು ತಿಂಗಳ ಹಿಂದೆ ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟಿನ ಪೆಟ್ಟಿಗೆಯ ಮೇಲೆ ನಿಂತು ಕೆಲಸ ಮಾಡುವಾಗ ಕಾಲು ಜಾರಿ ಎರಡು ಮಹಡಿ ಕೆಳಗಿನ ಗುಂಡಿಗೆ ಬಿದ್ದಿದ್ದ. ಮುರಿದ ಭುಜದ ಮೂಳೆ ಕೂಡಿಕೊಂಡಿತು. ತಲೆಗೆ ಬಿದ್ದ ಪೆಟ್ಟು ಮಾತ್ರ ಹಾಗೇ ಉಳಿದುಕೊಂಡಿತು. ಬಿದ್ದ ದಿನವೊಂದನ್ನು ಬಿಟ್ಟರೆ ಹಳೆಯದೆಲ್ಲ ಅವನಿಗೆ ನೆನಪಿತ್ತು, ಹೊಸದು ನಿಲ್ಲುತ್ತಿರಲಿಲ್ಲ. ಅಂಗಡಿಗೆ ಹೋದರೆ ಏನು ತರಲು ಬಂದೆ ಎಂಬುದೇ ಮರೆತುಹೋಗುತ್ತಿತ್ತು. ಒಂದೇ ಮಾತ್ರೆಯನ್ನು ಎರಡು ಸಲ ನುಂಗಿ ಅತ್ತಿಗೆಯಿಂದ ಬೈಸಿಕೊಂಡಿದ್ದ. ಅತ್ತಿಗೆ ಬಾಗಿಲು, ಫ್ರಿಜ್ಜು, ಕನ್ನಡಿ ಅನ್ನದೆ ಎಲ್ಲ ಕಡೆ ಚೀಟಿ ಅಂಟಿಸಿದ್ದಳು: ಗ್ಯಾಸ್ ಆರಿಸು. ಮಾತ್ರೆ ಆಯ್ತಾ? ಕೀ ಜೇಬಲ್ಲಿದೆಯಾ? "ನಮ್ಮನೆ ಈಗ ನೋಟಿಸ್ ಬೋರ್ಡು" ಎಂದು ಅಣ್ಣ ನಗುತ್ತಿದ್ದ. ನಗದೆ ಏನು ಮಾಡಿಯಾನು? ಡಾಕ್ಟರ ಸರ್ಟಿಫಿಕೇಟು ತರುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಂಪನಿ ಹೇಳಿತ್ತು. ಸರ್ಟಿಫಿಕೇಟು ಬೇಕಾದರೆ ಗುರುವಾರದ ತರಗತಿಗೆ ಬರಲೇಬೇಕಿತ್ತು.

ತರಗತಿ ನಡೆಸುತ್ತಿದ್ದ ಡಾಕ್ಟರಮ್ಮ ಅಂದು ಒಂದು ಆಟ ಆಡಿಸಿದರು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಅವನ ಸರದಿ ಬಂದಾಗ ಆರು ಹೇಳಿ ತಡವರಿಸಿದ. ನಾಯಿ, ಬೆಕ್ಕು ಮುಂತಾದವು ಆದಮೇಲೆ ತಲೆಯೊಳಗೆ ಮಂಜು ಕವಿದ ಹಾಗಾಯಿತು. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ಮಾತ್ರ ಪಟಪಟನೆ ಇಪ್ಪತ್ತೆಂಟು ಹೇಳಿದರು. ಎಪ್ಪತ್ತೇಳರ ವಯಸ್ಸು, ಕೋಲಿನ ಹಾಗೆ ನೆಟ್ಟಗಿನ ಬೆನ್ನು, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು, ತೊಡೆಯ ಮೇಲೆ ಮೇಲ್ಗಡೆಗೆ ಮಗುಚುವ ಸುರುಳಿ ತಂತಿಯ ನೋಟ್‌ಬುಕ್ಕು.

"ಕತ್ತೆ ನಾಲ್ಕು ಸಲ ಬಂತು" ಎಂದ ಅವನು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತ್ತು.

ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಮೂವತ್ತಾರು ವರ್ಷ ಕೋರ್ಟಲ್ಲಿ ಕೆಲಸ ಮಾಡಿದೀನಿ. ನಾನು ಕಂಡ ಕತ್ತೆಗಳ ಲೆಕ್ಕಕ್ಕೆ ನಾಲ್ಕು ಏನೇನೂ ಅಲ್ಲ."

ಡಾಕ್ಟರಮ್ಮನೂ ನಕ್ಕರು. ಬಿದ್ದ ಮೇಲೆ ಅವನು ಹೊಟ್ಟೆತುಂಬ ನಕ್ಕದ್ದು ಅಂದೇ ಮೊದಲು.

ಎಲ್ಲರೂ ಅವರನ್ನು ಸ್ಟೆನೋ ಮೇಡಂ ಎನ್ನುತ್ತಿದ್ದರು. ನ್ಯಾಯಾಧೀಶರು, ವಕೀಲರು, ಸಾಕ್ಷಿಗಳು ಆಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡವರು. ಹಳೆಯ ಮೊಕದ್ದಮೆಯೊಂದರಲ್ಲಿ ಯಾರು ಯಾವ ಬಣ್ಣದ ಅಂಗಿ ಹಾಕಿದ್ದರೆಂದು ಈಗಲೂ ಹೇಳಬಲ್ಲರು. ಬೆಳಗ್ಗೆ ತಿಂದದ್ದೇನು ಎಂದರೆ ನೋಟ್‌ಬುಕ್ಕು ತಿರುವುತ್ತಾರೆ. ಅವನ ಹೆಸರು ಮೂರು ಸಲ ಕೇಳಿ ಮೂರು ಸಲವೂ ಮರೆತರು. ನಾಲ್ಕನೆಯ ಸಲ, "ಬಿಡು, ನೀನು ಲಿಫ್ಟು. ಅದು ಮರೆಯೋದಿಲ್ಲ" ಎಂದರು. ಅಂದಿನಿಂದ ತರಗತಿಗೆಲ್ಲ ಅವನು ಲಿಫ್ಟು ಆದ.

ಎರಡನೆಯ ಗುರುವಾರ ಡಾಕ್ಟರಮ್ಮ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನು ಹೇಳುತ್ತಿದ್ದರು. ಲಿಫ್ಟು ಮೊದಲನೆಯದನ್ನು ಬರೆದು ತಲೆಯೆತ್ತುವಷ್ಟರಲ್ಲಿ ಅವರು ಐದನೆಯದಕ್ಕೆ ಬಂದಿದ್ದರು. ಪಕ್ಕದಲ್ಲಿ ಸ್ಟೆನೋ ಮೇಡಮ್ಮಿನ ಪೆನ್ಸಿಲ್ಲು ಸದ್ದಿಲ್ಲದೆ ಓಡುತ್ತಿತ್ತು. ಅವನು ಬಗ್ಗಿ ನೋಡಿದ.

"ಇದೇನು ಮೇಡಂ, ಕೋಳಿ ಕೆದಕಿದ ಹಾಗಿದೆ?"

"ಈ ಕೋಳಿ ನಿಮಿಷಕ್ಕೆ ನೂರಿಪ್ಪತ್ತು ಪದ ಕೆದಕುತ್ತೆ. ಕಲೀತೀಯಾ?"

"ಅಯ್ಯೋ, ಹತ್ತನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಬರೆಯೋದು ಅಂದ್ರೆ ಜ್ವರ ಬರುತ್ತೆ."

"ಇದು ಬರೆಯೋದಲ್ಲ, ಕೇಳಿಸಿಕೊಳ್ಳೋದು. ನೋಡು, ಪ ಅಂದ್ರೆ ತೆಳು ಗೆರೆ. ಅದನ್ನೇ ಒತ್ತಿ ಎಳೆದರೆ ಬ. ಅಷ್ಟೆ."

ಅವನು ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡ. ಅದು ಅಕ್ಷರದ ಹಾಗೆ ಕಾಣಲಿಲ್ಲ. ಲಿಫ್ಟಿನ ವೈರಿಂಗ್ ನಕ್ಷೆಯ ಹಾಗೆ ಕಂಡಿತು. ಇಲ್ಲಿ ಒಂದು ಗೆರೆ, ಅಲ್ಲಿ ಒಂದು ಕೊಂಡಿ, ತುದಿಗೆ ಒಂದು ಸುತ್ತು. ಎಲ್ಲಕ್ಕೂ ಒಂದೊಂದು ಅರ್ಥ. ನಕ್ಷೆ ಓದುವುದೆಂದರೆ ಅವನಿಗೆ ಯಾವತ್ತೂ ಇಷ್ಟ. ಮುಂದಿನ ಗುರುವಾರದ ಹೊತ್ತಿಗೆ ಒಂದು ಹಾಳೆ ತುಂಬ ತೆಳು ಗೆರೆ, ಇನ್ನೊಂದರ ತುಂಬ ದಪ್ಪ ಗೆರೆ ಎಳೆದುಕೊಂಡು ಬಂದ. ಮೇಡಂ ಅವನ್ನು ನೋಡಿ, "ಮನೆಗೆ ಬಾ. ವಾರಕ್ಕೆ ಒಂದು ದಿನ ಸಾಲದು" ಎಂದರು. ವಿಳಾಸವನ್ನು ಬರೆದೂ ಕೊಟ್ಟರು, ಶಾರ್ಟ್‌ಹ್ಯಾಂಡಿನಲ್ಲಿ. ಅವರೇ ಕೊಟ್ಟ ಅಕ್ಷರಪಟ್ಟಿ ನೋಡಿಕೊಂಡು ಅದನ್ನು ಬಿಡಿಸಲು ಅವನಿಗೆ ಒಂದೂವರೆ ದಿನ ಬೇಕಾಯಿತು. ಮನೆ ಸಿಕ್ಕಿತು.

ಬಾಗಿಲು ತೆರೆದವಳು ಮೇಡಮ್ಮಿನ ಮಗಳು. ನಲವತ್ತೊಂಬತ್ತರ ಹೆಂಗಸು, ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದಳು. ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಮನೆಗೆ ಬಂದು ಅಮ್ಮನಿಗೆ ಊಟ ಹಾಕಿ ಮಲಗಿಸಿ ಮತ್ತೆ ಓಡಬೇಕು. ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡು, ಹಣೆಯ ಮೇಲೆ ಹೊಲಿಗೆಯ ಗುರುತಿಟ್ಟುಕೊಂಡು ನಿಂತ ಹುಡುಗನನ್ನು ಅವಳು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಪ್ಪಾ, ಏನು ಬೇಕಿತ್ತು?"

"ಪಾಠಕ್ಕೆ ಬಂದಿದೀನಿ ಅಕ್ಕಾ. ಶಾರ್ಟ್‌ಹ್ಯಾಂಡು."

"ಅಮ್ಮನಿಗೆ ನಿನ್ನೆ ಏನು ನಡೀತು ಅಂತ ನೆನಪಿರೋದಿಲ್ಲ. ಅವರು ನಿನಗೆ ಪಾಠ ಹೇಳ್ತಾರಾ?"

"ನಿನ್ನೆಯದು ನನಗೂ ನೆನಪಿರೋದಿಲ್ಲ ಅಕ್ಕಾ. ಇಬ್ಬರೂ ಸರಿಹೋಗ್ತೀವಿ."

ಅವಳಿಗೆ ನಗು ಬಂದರೂ ತಡೆದುಕೊಂಡಳು. ಮೊದಲ ಎರಡು ವಾರ ಅವನು ಇದ್ದಷ್ಟು ಹೊತ್ತೂ ಕದ ತೆರೆದೇ ಇಟ್ಟು, ಅಡುಗೆಮನೆಯಿಂದ ಕಿವಿ ಇತ್ತಲೇ ಇಟ್ಟಿದ್ದಳು. ಮೂರನೆಯ ವಾರ ಅವನು ಬರುತ್ತಾನೆಂದು ಅಮ್ಮ ತಾನಾಗಿ ತಲೆ ಬಾಚಿಕೊಂಡು ಕೂತಿದ್ದನ್ನು ಕಂಡಳು. ಅಂದು ಟೀ ಜೊತೆ ಬಿಸ್ಕತ್ತನ್ನೂ ಇಟ್ಟಳು.

ಅವರ ಮನೆ ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ. ಲಿಫ್ಟು ಪ್ರತಿ ಸಲವೂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುತ್ತಿದ್ದ. ಮೇಡಂ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದರು: "ಲಿಫ್ಟಲ್ಲಿ ಬರಬಾರದಾ?" ಅವನು ಒಂದು ದಿನ ವ್ಯಾಯಾಮ ಎಂದ, ಒಂದು ದಿನ ಲಿಫ್ಟು ಕೆಟ್ಟಿದೆ ಎಂದ, ಇನ್ನೊಂದು ದಿನ ಜನ ಜಾಸ್ತಿ ಎಂದ. ಸುಳ್ಳು ಹೇಳುವುದು ಸುಲಭವಾಗಿತ್ತು, ಹಿಂದಿನದು ಅವರಿಗೆ ನೆನಪಿರುತ್ತಿರಲಿಲ್ಲ. ಆದರೆ ದಿನ ಕಳೆದಂತೆ ಆ ಸುಲಭವೇ ಅವನಿಗೆ ಕಸಿವಿಸಿಯಾಯಿತು. ಒಂದು ಮಧ್ಯಾಹ್ನ ನಿಜ ಹೇಳಿಬಿಟ್ಟ.

"ಹೆದರಿಕೆ ಮೇಡಂ. ಬಾಗಿಲು ತೆರೆದ ತಕ್ಷಣ ಕಾಲ ಕೆಳಗೆ ಏನೂ ಇಲ್ಲ ಅನ್ನಿಸುತ್ತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಲಿಫ್ಟ್ ಮೆಕ್ಯಾನಿಕ್ಕಿಗೆ ಲಿಫ್ಟು ಹತ್ತೋಕೆ ಹೆದರಿಕೆ ಅಂದ್ರೆ ಜನ ನಗ್ತಾರೆ."

ಮೇಡಂ ನಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ತುರುಬಿನಿಂದ ಪೆನ್ಸಿಲ್ಲು ತೆಗೆದು ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದುಕೊಂಡರು. ಮುಂದಿನ ಸಲ ಅವನು ಏದುಸಿರಿನಲ್ಲಿ ಬಂದು ಕೂತಾಗ ಹಾಳೆ ಮಗುಚಿ ಓದಿದರು: "ನೀನು ಲಿಫ್ಟಿಗೆ ಹೆದರ್ತೀಯಂತೆ. ಬರೆದಿದೆ ಇಲ್ಲಿ. ಎರಡು ಸಲ ಗೆರೆಯನ್ನೂ ಎಳೆದಿದೀನಿ. ಹೌದಾ?"

"ಹೌದು ಮೇಡಂ."

"ಹಾಗಾದ್ರೆ ಏಳು."

ಅವನ ಕೈ ಹಿಡಿದುಕೊಂಡು ಕಾರಿಡಾರಿಗೆ ಬಂದು ಗುಂಡಿ ಒತ್ತಿದರು. ಬಾಗಿಲು ತೆರೆಯಿತು. ತಾವು ಒಳಗೆ ಹೋಗಿ, ಮುಚ್ಚದ ಹಾಗೆ ಬಾಗಿಲಿಗೆ ಒಂದು ಕೈ ಅಡ್ಡ ಕೊಟ್ಟು ನಿಂತರು. ಒಳಗಿನ ಬೆಳಕು, ಸ್ಟೀಲಿನ ಗೋಡೆ, ಮೂಲೆಯಲ್ಲಿ ಯಾರೋ ಬಿಸಾಡಿದ ಚಾಕಲೇಟ್ ಕಾಗದ ಎಲ್ಲ ಕಾಣುತ್ತಿತ್ತು. ಕಾಲು ಮಾತ್ರ ಏಳಲಿಲ್ಲ.

"ನೋಡು ಲಿಫ್ಟು" ಎಂದರು ಮೇಡಂ, "ನಾನೊಬ್ಬಳೇ ಹೋದ್ರೆ ಕೆಳಗೆ ಹೋಗೋಷ್ಟರಲ್ಲಿ ನನ್ನ ಮನೆ ಎಷ್ಟನೇ ಮಹಡಿ ಅಂತ ಮರೆತುಬಿಡ್ತೀನಿ. ಆಮೇಲೆ ಎಲ್ಲರ ಮನೆ ಬೆಲ್ಲೂ ಒತ್ತುತ್ತಾ ಕೂರಬೇಕಾಗುತ್ತೆ. ಒಂದು ಸಲ ಆಗಿದೆಯಂತೆ ಹಾಗೆ, ಮಗಳು ಹೇಳ್ತಾಳೆ. ನೀನು ಬಂದರೆ ನನಗೆ ಅನುಕೂಲ."

ಅದು ತಮಾಷೆಯಲ್ಲ, ನಿಜವೇ ಎಂಬುದು ಅವನಿಗೆ ಗೊತ್ತಿತ್ತು. ಆ ನಿಜಕ್ಕಾಗಿಯೇ ಅವನು ಕಾಲೆತ್ತಿ ಒಳಗಿಟ್ಟ. ಕೆಳಗೆ ಹೋಗಿ ಮೇಲೆ ಬಂದರು. ಮತ್ತೆ ಹೋದರು. ಮೂರನೆಯ ಸಲ ಎರಡನೆಯ ಮಹಡಿಯಲ್ಲಿ ಹತ್ತಿದ ಅಲ್ಲಿನ ಮನೆಯವರೊಬ್ಬರು, "ಎಲ್ಲಿಗೆ ಹೊರಟಿರಿ ಮೇಡಂ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ" ಎಂದರು ಮೇಡಂ. "ಇವನಿಗೆ ಲಿಫ್ಟು ತೋರಿಸ್ತಿದೀನಿ."

ಅವನ ತಲೆ ನಿಧಾನವಾಗಿ ತಿಳಿಯಾಗತೊಡಗಿತು. ಮದ್ದಿನಿಂದಲೋ, ಕಾಲ ಕಳೆದದ್ದರಿಂದಲೋ, ದಿನಕ್ಕೆ ಎರಡು ಗಂಟೆ ಗೆರೆ ಎಳೆದದ್ದರಿಂದಲೋ, ಡಾಕ್ಟರಮ್ಮ ಯಾವುದನ್ನೂ ಖಚಿತವಾಗಿ ಹೇಳಲಿಲ್ಲ. ಆಡಿದ ಮಾತನ್ನು ಅಲ್ಲಲ್ಲೇ ಬರೆದುಕೊಳ್ಳುವುದು ಅವನಿಗೆ ಸಾಧ್ಯವಾಯಿತು. ಬರೆದದ್ದು ಮನಸ್ಸಿನಲ್ಲೂ ಉಳಿಯತೊಡಗಿತು. ಅತ್ತಿಗೆ ಒಂದೊಂದಾಗಿ ಚೀಟಿಗಳನ್ನು ಕಿತ್ತಳು. ಗ್ಯಾಸಿನದೊಂದನ್ನು ಮಾತ್ರ ಬಿಟ್ಟಳು, "ಅದು ನಿಮ್ಮಣ್ಣನಿಗೆ" ಎಂದಳು.

ಮೇಡಮ್ಮಿನದು ಅದೇ ಹೊತ್ತಿಗೆ ಇಳಿಮುಖವಾಗುತ್ತಿತ್ತು. ಅದು ಕಂಡದ್ದು ಒಂದು ಶನಿವಾರ.

ಮಗಳು ಅಂದು ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದ್ದಳು. ಅದರ ತುಂಬ ಮೇಡಮ್ಮಿನ ಹಳೆಯ ನೋಟ್‌ಬುಕ್ಕುಗಳು, ನಲವತ್ತೊಂದು. ಕೋರ್ಟಿನವಲ್ಲ, ಅವರವೇ. ದಿನವೂ ಸಂಜೆ ಅಡುಗೆ ಮುಗಿದ ಮೇಲೆ ಒಂದು ಪುಟ ಬರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷದಿಂದ ಹಿಡಿದು ಮೊನ್ನೆ ಮೊನ್ನೆಯವರೆಗೂ. ಎಲ್ಲ ಶಾರ್ಟ್‌ಹ್ಯಾಂಡಿನಲ್ಲಿ. ಮಗಳಿಗೆ ಅದರಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕಲಿಸು ಎಂದು ಕೇಳಿದ್ದಕ್ಕೆ, "ನಿನಗೆ ಯಾಕೆ ಬೇಕು ಈ ಗುಲಾಮಗಿರಿ" ಎಂದಿದ್ದರಂತೆ.

ಮೇಡಂ ಮೇಲಿನ ನೋಟ್‌ಬುಕ್ಕನ್ನು ತೆರೆದರು. ಕನ್ನಡಕ ಸರಿಮಾಡಿಕೊಂಡರು. ಬೆರಳನ್ನು ಸಾಲಿನ ಕೆಳಗೆ ಇಟ್ಟು ಎಡದಿಂದ ಬಲಕ್ಕೆ ನಡೆಸಿದರು. ಮತ್ತೆ ಮೊದಲಿಂದ. ಮುಖದ ಬಣ್ಣ ಇಳಿಯಿತು.

"ಇದು ಯಾರ ಕೈಬರಹ?"

"ನಿಮ್ಮದೇ ಅಮ್ಮಾ."

"ನನ್ನದಲ್ಲ. ನನ್ನದಾಗಿದ್ರೆ ನನಗೆ ಓದೋಕೆ ಬರ್ತಿತ್ತು." ನೋಟ್‌ಬುಕ್ಕನ್ನು ನೆಲಕ್ಕೆ ಎಸೆದರು. "ಎಲ್ಲಾ ರದ್ದಿಗೆ ಹಾಕು. ಯಾರದ್ದೋ ಕಸ ನಮ್ಮನೇಲಿ ಯಾಕೆ?"

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗಳು ಟ್ರಂಕಿನ ಪಕ್ಕದಲ್ಲೇ ಕುಸಿದು ಕೂತಳು. "ರದ್ದಿಯವನನ್ನು ಕರೀಲೇಬೇಕು ತಮ್ಮಾ. ದಿನಾ ಕಣ್ಣಿಗೆ ಬಿದ್ದರೆ ದಿನಾ ಇದೇ ಆಗುತ್ತೆ. ಇಟ್ಟುಕೊಂಡು ಏನು ಮಾಡೋದು, ಓದೋರು ಯಾರಿದಾರೆ?" ಎಂದಳು.

ಲಿಫ್ಟು ನೆಲದ ಮೇಲಿನ ನೋಟ್‌ಬುಕ್ಕನ್ನು ಎತ್ತಿಕೊಂಡ. ಗೆರೆಗಳು ಮೇಡಂ ಕಲಿಸಿದ ಗೆರೆಗಳೇ, ಆದರೆ ಓಟ ಬೇರೆ. ಅರ್ಧಕ್ಕೆ ತುಂಡಾದ ಪದಗಳು, ಅವರೇ ಮಾಡಿಕೊಂಡ ಗುರುತುಗಳು. ಒಂದು ಸಾಲಿನಲ್ಲಿ 'ಮಳೆ' ಎಂಬುದು ಸಿಕ್ಕಿತು. ಇನ್ನೊಂದರಲ್ಲಿ 'ಚಪ್ಪಲಿ ಕಿತ್ತುಹೋಯಿತು'.

"ಒಂದು ತಿಂಗಳು ಕೊಡಿ ಅಕ್ಕಾ" ಎಂದ.

ಆದರೆ ಇನ್ನೊಬ್ಬರ ಡೈರಿಯನ್ನು ಕೇಳದೆ ಓದುವುದು ಸರಿಯಲ್ಲ ಎನ್ನಿಸಿತು. ಮೇಡಂ ತಿಳಿಯಾಗಿದ್ದ ಒಂದು ಬೆಳಗ್ಗೆ ಅವರ ಮುಂದೆ ಕೂತು ಕೇಳಿದ. ಅವರು ಕಿಟಕಿಯಾಚೆ ನೋಡಿದರು. ಕೆಳಗೆ ಯಾರೋ ಕಾರು ತೊಳೆಯುತ್ತಿದ್ದರು.

"ನನಗೆ ಓದೋಕೆ ಬರ್ತಿಲ್ಲ ಅಂತ ನನಗೆ ಗೊತ್ತು" ಎಂದರು. "ಮೊನ್ನೆ ರೇಗಾಡಿದ್ದು ಅದಕ್ಕೇ ಇರಬೇಕು. ನೀನು ಓದು. ನನಗೆ ಓದಿ ಹೇಳು. ಆದರೆ ಒಂದು ಮಾತು. ಕೋರ್ಟಲ್ಲಿ ಸಾಕ್ಷಿ ಹೇಳಿದ್ದನ್ನ ಓದಿ ಹೇಳುವಾಗ ಒಂದು ಪದವನ್ನೂ ಬಿಡಬಾರದು. ಕೇಳೋರಿಗೆ ನೋವಾಗುತ್ತೆ ಅಂತಾನೂ ಬಿಡಬಾರದು, ಹೇಳಿದವರ ಮಾನ ಹೋಗುತ್ತೆ ಅಂತಾನೂ ಬಿಡಬಾರದು. ಬಿಟ್ಟು ಓದೋದಾದ್ರೆ ಓದಲೇಬೇಡ."

"ಬಿಡೋದಿಲ್ಲ ಮೇಡಂ."

"ಇದನ್ನ ಬರೆದುಕೋ. ನಾನು ಮರೀತೀನಿ, ನೀನೂ ಮರೀಬಹುದು."

ಅವನು ಬರೆದುಕೊಂಡ. ಅವರು ಕೆಳಗೆ ಸಹಿ ಹಾಕಿದರು.

ಮೊದಲ ಪುಟಕ್ಕೆ ಎಂಟು ದಿನ ಹಿಡಿಯಿತು. ಒಳಗೆ ಚುಕ್ಕೆಯಿರುವ ಸೊನ್ನೆ ಎಂದರೆ ಮಗಳು. ತಲೆಯ ಮೇಲೆ ಟೋಪಿಯಿರುವ ಗೆರೆ ನ್ಯಾಯಾಧೀಶರು. ಬಾಲ ಕೆಳಗೆ ಬಿದ್ದ ಕೊಂಡಿ ಎಂದರೆ 'ತಲೆನೋವು', ಇದು ವಾರಕ್ಕೆ ನಾಲ್ಕು ಸಲ ಬರುತ್ತಿತ್ತು. ಗೊತ್ತಾದದ್ದನ್ನೆಲ್ಲ ಒಂದು ಪಟ್ಟಿ ಮಾಡಿ, ಗೊತ್ತಾಗದ್ದನ್ನು ಮೇಡಮ್ಮಿನ ಒಳ್ಳೆಯ ಗಳಿಗೆ ನೋಡಿ ಕೇಳುತ್ತಿದ್ದ. ಕೆಲವೊಮ್ಮೆ ಅವರಿಗೆ ಥಟ್ಟನೆ ಹೊಳೆಯುತ್ತಿತ್ತು. ಕೆಲವೊಮ್ಮೆ, "ಇದು ನೀನು ಬರೆದದ್ದಾ? ಚೆನ್ನಾಗಿಲ್ಲ" ಎನ್ನುತ್ತಿದ್ದರು. ಎರಡನೆಯ ತಿಂಗಳಿನಲ್ಲಿ ದಿನಕ್ಕೊಂದು ಪುಟ ಸಾಗಿತು. ಭಾನುವಾರ ಮಧ್ಯಾಹ್ನ ಓದಿ ಹೇಳುವುದು ರೂಢಿಯಾಯಿತು.

ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ತಮ್ಮದೇ ಎಂದು ಕೆಲವು ದಿನ ಗೊತ್ತಾಗುತ್ತಿತ್ತು. "ಹೌದೌದು, ಆ ವಕೀಲ ಮಾತಿಗೆ ಮುಂಚೆ ಮೂಗು ಒರೆಸಿಕೊಳ್ತಿದ್ದ" ಎಂದು ಮುಂದಿನದನ್ನು ತಾವೇ ಹೇಳುತ್ತಿದ್ದರು. ಕೆಲವು ದಿನ ಬೇರೆ ಯಾರದೋ ಕತೆ ಕೇಳುವಂತೆ ಕೇಳುತ್ತಿದ್ದರು. ಮಗಳು ಬಟ್ಟೆ ಮಡಿಸುತ್ತಲೋ ವ್ಯಾನಿನ ಸೀಟಿನ ಕವರು ಹೊಲಿಯುತ್ತಲೋ ಅಲ್ಲೇ ಇರುತ್ತಿದ್ದಳು.

ಹಾಗಿರುವಾಗ ಒಂದು ವಾರ ಲಿಫ್ಟಿಗೆ ನಿದ್ದೆ ಬರಲಿಲ್ಲ. ಆ ವಾರ ಬಿಡಿಸಿದ ಪುಟದಲ್ಲಿ ಚುಕ್ಕೆಯಿರುವ ಸೊನ್ನೆ ನಾಲ್ಕು ಸಲ ಬಂದಿತ್ತು. ಓದಿದ ಮೇಲೆ, ಇದನ್ನು ಮಗಳ ಮುಂದೆ ಹೇಗೆ ಓದುವುದು ಎಂದು ಯೋಚನೆ ಹತ್ತಿತು. ದಾಟಿಸಿ ಮುಂದಿನ ಪುಟಕ್ಕೆ ಹೋದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಾನುವಾರ ಮೆಟ್ಟಿಲ ಬಳಿ ನಿಂತು, ಸಹಿ ಹಾಕಿಸಿಕೊಂಡ ಹಾಳೆಯನ್ನು ಮತ್ತೊಮ್ಮೆ ನೋಡಿದ. ಆಮೇಲೆ ಲಿಫ್ಟು ಹತ್ತಿ ಮೇಲೆ ಹೋದ.

"ಅಕ್ಕಾ, ಇವತ್ತಿಂದು ನಿಮ್ಮ ಬಗ್ಗೆ ಇದೆ. ಓದಲಾ?"

"ಬೈದಿದಾರಾ?" ಎಂದು ನಕ್ಕಳು ಅವಳು. "ಓದು, ಓದು. ಬೈಸಿಕೊಳ್ಳೋದು ನನಗೇನು ಹೊಸದಾ?"

ಅವನು ಓದಿದ.

"ಇಂದು ಶಾಲೆಯಲ್ಲಿ ನಾಟಕ. ಮಗಳಿಗೆ ಮೂರನೆಯ ಸೈನಿಕನ ಪಾತ್ರ. ಒಂದೇ ಮಾತು: ಮಹಾಪ್ರಭು, ಕೋಟೆಯ ಬಾಗಿಲು ತೆರೆದಿದೆ. ಹದಿನೈದು ದಿನದಿಂದ ಮನೆಯಲ್ಲಿ ಅದೇ ಮಾತು. ಸಾಹೇಬರು ಮೂರಕ್ಕೆ ಬಿಡುವೆ ಎಂದಿದ್ದರು. ಸಾಕ್ಷಿ ಮುಗಿಯಲಿಲ್ಲ. ನಾಲ್ಕೂ ಹತ್ತಕ್ಕೆ ಓಡಿದೆ. ಗೇಟಿನ ಹತ್ತಿರ ಬಂದಾಗ ಚಪ್ಪಾಳೆ ಕೇಳಿಸಿತು. ಮುಗಿದಿತ್ತು. ಒಳಗೆ ಹೋಗಲು ಮುಖವಿರಲಿಲ್ಲ. ಸೈಕಲ್ ನಿಲ್ಲಿಸುವ ಶೆಡ್ಡಿನ ಹಿಂದೆ ನಿಂತೆ. ಮಗಳು ಹೊರಗೆ ಬಂದಳು. ಮುಖಕ್ಕೆ ಮೀಸೆ ಬರೆದಿದ್ದರು. ಗೇಟಿನ ಕಡೆಗೇ ನೋಡುತ್ತಿದ್ದಳು. ನಾನು ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಈಗಲೂ ತಿಳಿಯುತ್ತಿಲ್ಲ. ಪಕ್ಕದ ಮನೆಯವರ ಜೊತೆ ಅವಳು ಹೊರಟ ಮೇಲೆ ಬೇರೆ ದಾರಿಯಿಂದ ಮನೆಗೆ ಬಂದೆ. ಕೋರ್ಟಿನಲ್ಲೇ ತಡವಾಯಿತು ಎಂದು ಸುಳ್ಳು ಹೇಳಿದೆ. ಮಗಳು ಏನೂ ಅನ್ನಲಿಲ್ಲ. ಮಗಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು."

ಅವನು ನಿಲ್ಲಿಸಿದ. ಮಗಳ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ಉಳಿದಿತ್ತು. ಮೇಡಂ ಕಣ್ಣು ತೆರೆದರು.

"ಯಾರ ಹೇಳಿಕೆ ಇದು?"

ಲಿಫ್ಟು ನೋಟ್‌ಬುಕ್ಕಿನಿಂದ ತಲೆಯೆತ್ತಿದ. "ಒಬ್ಬ ತಾಯಿಯದು ಮೇಡಂ."

"ನಿಜ ಹೇಳ್ತಿದಾಳೆ."

"ಹೇಗೆ ಗೊತ್ತು?" ಎಂದು ಕೇಳಿದಳು ಮಗಳು.

"ಸುಳ್ಳು ಹೇಳೋರ ಹತ್ತಿರ ಎಲ್ಲದಕ್ಕೂ ಕಾರಣ ಇರುತ್ತೆ. ಇವಳು ಯಾಕೆ ಅಂತ ಗೊತ್ತಿಲ್ಲ ಅಂತಿದಾಳೆ. ಮೂವತ್ತಾರು ವರ್ಷ ಕೇಳಿದೀನಿ ನಾನು. ಗೊತ್ತಿಲ್ಲ ಅನ್ನೋರು ಬಹಳ ಕಮ್ಮಿ." ಮೇಡಂ ಸ್ವಲ್ಪ ಮುಂದಕ್ಕೆ ಬಾಗಿದರು. "ಆ ಮಗು ಏನಾಯ್ತು? ಕೋರ್ಟಿಗೆ ಬಂದಿದೆಯಾ?"

ಮಗಳು ಟವೆಲ್ಲು ಕೆಳಗಿಟ್ಟಳು. "ಬಂದಿದೆ" ಎಂದಳು.

"ಹಾಗಾದ್ರೆ ತಾಯಿ ಪಕ್ಕದಲ್ಲಿ ಕೂರಿಸಿ. ಮಿಕ್ಕಿದ್ದೆಲ್ಲ ಆಮೇಲೆ."

ಅವಳು ಎದ್ದು ಬಂದು ಅಮ್ಮನ ಪಕ್ಕದಲ್ಲಿ ಕೂತಳು. ಮೇಡಂ ಅವಳ ಕೆನ್ನೆ ಒದ್ದೆಯಾದದ್ದನ್ನು ನೋಡಿ, ಯಾಕೆಂದು ಕೇಳದೆ, ತಮ್ಮ ಸೆರಗಿನ ತುದಿಯಿಂದ ಒರೆಸಿದರು. ಆಮೇಲೆ ಟೀ ಬೇಕು ಎಂದರು.

ಅಂದು ಮಗಳು ಲಿಫ್ಟನ್ನು ಬೀಳ್ಕೊಡಲು ಕೆಳಗಿನ ತನಕ ಬಂದಳು. ವ್ಯಾನಿಗೆ ಒರಗಿ ನಿಂತು ಹೇಳಿದಳು: "ಮೂವತ್ತೆಂಟು ವರ್ಷ ತಮ್ಮಾ. ಅಮ್ಮ ಬರಲೇ ಇಲ್ಲ, ಅವರಿಗೆ ಕೋರ್ಟೇ ಹೆಚ್ಚು ಅಂತ ಮೂವತ್ತೆಂಟು ವರ್ಷ ಹೊಟ್ಟೇಲಿಟ್ಟುಕೊಂಡಿದ್ದೆ. ಮದುವೆ ಮುರಿದು ವಾಪಸ್ಸು ಬಂದಾಗಲೂ ಒಂದು ಸಲ ಎತ್ತಿ ಆಡಿದ್ದೆ ಅದನ್ನ. ಆಗಲೂ ಬಾಯಿ ಬಿಡಲಿಲ್ಲ ಪುಣ್ಯಾತ್ಗಿತ್ತಿ. ಶೆಡ್ಡಿನ ಹಿಂದೆ ನಿಂತಿದ್ರಂತೆ!" ಮೂಗು ಒರೆಸಿಕೊಂಡು ನಕ್ಕಳು. "ಮೀಸೆ ಬರೆದಿದ್ದು ನನಗೇ ಮರೆತುಹೋಗಿತ್ತು ನೋಡು."

"ಬೇಜಾರಾಯ್ತಾ ಅಕ್ಕಾ?"

"ಆಯ್ತು. ಆಗಬೇಕಿತ್ತು." ವ್ಯಾನಿನ ಕನ್ನಡಿಯ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. "ನನಗೂ ಕಲಿಸು ಅದನ್ನ. ಮಕ್ಕಳನ್ನ ಕಾಯ್ತಾ ವ್ಯಾನಲ್ಲಿ ಸುಮ್ಮನೆ ಕೂತಿರ್ತೀನಿ, ಮುಕ್ಕಾಲು ಗಂಟೆ."

ಮುಂದಿನ ತಿಂಗಳು ಕಂಪನಿಯ ಡಾಕ್ಟರ ಪರೀಕ್ಷೆ. ಒಂಬತ್ತನೆಯ ಮಹಡಿಗೆ ಲಿಫ್ಟಿನಲ್ಲೇ ಹೋಗಿ, ಅಲ್ಲಿನ ಕೋಣೆಯಲ್ಲಿ ಅವನು ಇಪ್ಪತ್ತು ಪದಗಳಲ್ಲಿ ಹದಿನೇಳನ್ನು ಮರಳಿ ಹೇಳಿದ. ಸರ್ಟಿಫಿಕೇಟು ಸಿಕ್ಕಿತು. ಎತ್ತರದ ಕೆಲಸ ಸದ್ಯಕ್ಕೆ ಬೇಡ, ತಪಾಸಣೆಯ ಕೆಲಸ ಮಾಡಲಿ ಎಂದು ಬರೆದಿದ್ದರು. ದಿನಕ್ಕೆ ಐದಾರು ಕಟ್ಟಡ ಸುತ್ತಿ ಬಾಗಿಲು, ಬ್ರೇಕು, ತುರ್ತು ಗಂಟೆ ಪರೀಕ್ಷಿಸಿ ವರದಿ ಬರೆಯಬೇಕು. ವರದಿಯನ್ನು ಮೊದಲು ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಳ್ಳುವುದನ್ನು ಕಂಡು ಜೊತೆಗಾರರು, "ಗುಪ್ತಚರ ಇಲಾಖೆಗೆ ಸೇರಿದ್ಯೇನೋ?" ಎಂದು ರೇಗಿಸಿದರು.

ಗುರುವಾರದ ತರಗತಿಗೆ ಅವನು ಇನ್ನು ಬರಬೇಕಾಗಿರಲಿಲ್ಲ. ಆ ಸುದ್ದಿ ಹೇಳಲು ಕೊನೆಯ ಗುರುವಾರ ಹೋದಾಗ ಅವನಿಗೆ ತಪ್ಪು ಮಾಡಿದವನ ಹಾಗಾಗಿತ್ತು. ತಾನು ಗುಣವಾಗಿ ಹೊರಗೆ ಹೋಗುತ್ತಿದ್ದೇನೆ. ಇವರು ಇಲ್ಲೇ ಕೂತು ಪ್ರಾಣಿಗಳ ಹೆಸರು ಹೇಳುತ್ತಿರುತ್ತಾರೆ, ಪ್ರತಿ ವಾರ ಒಂದೆರಡು ಕಮ್ಮಿ. ಮೇಡಂ ಅವನ ಮುಖ ನೋಡಿ, "ಯಾರಾದ್ರೂ ಸತ್ತರೇನೋ?" ಎಂದರು.

"ಇಲ್ಲ ಮೇಡಂ. ನನಗೆ ಕೆಲಸ ವಾಪಸ್ಸು ಸಿಕ್ಕಿತು."

"ಅದಕ್ಕೆ ಈ ಮುಖಾನಾ? ಜನ ಬಿಡುಗಡೆ ಆದಾಗ ಕೋರ್ಟಿನ ಬಾಗಿಲಲ್ಲಿ ನಿಂತು ಅಳಬಾರದು, ಹಿಂದಿನ ಕೇಸಿನವರಿಗೆ ದಾರಿ ಸಿಗೋದಿಲ್ಲ. ನಡಿ." ಅಷ್ಟು ಹೇಳಿ, ಕೈಚೀಲದಿಂದ ಹೊಸ ಪೆನ್ಸಿಲ್ಲೊಂದನ್ನು ತೆಗೆದು ಅವನ ಜೇಬಿಗೆ ಸಿಕ್ಕಿಸಿದರು.

ಭಾನುವಾರಗಳು ನಿಲ್ಲಲಿಲ್ಲ. ಮಗಳು ಬೇಗ ಕಲಿತಳು. ವ್ಯಾನಿನ ಸ್ಟಿಯರಿಂಗಿಗೆ ನೋಟ್‌ಬುಕ್ಕು ಆನಿಸಿ ಬರೆದ ಅವಳ ಗೆರೆಗಳು ಮೊದಮೊದಲು ಗುಂಡಿ ಬಿದ್ದ ರಸ್ತೆಯ ಹಾಗಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಒಂದೊಂದು ಪುಟ ಹಂಚಿಕೊಂಡು ಓದುತ್ತಿದ್ದರು. ಮೇಡಂ ಈಗ ಲಿಫ್ಟನ್ನು ಕೆಲವೊಮ್ಮೆ ಹೊಸ ಗುಮಾಸ್ತ ಎಂದುಕೊಳ್ಳುತ್ತಾರೆ, ಕೆಲವೊಮ್ಮೆ ಯಾರೆಂದೇ ತಿಳಿಯದೆ ವಿನಯದಿಂದ "ಕೂತ್ಕೊಳ್ಳಿ" ಎನ್ನುತ್ತಾರೆ. ಅವನಿಗೆ ಮೊದಲ ಸಲ ಎದೆಗೆ ಚುಚ್ಚಿತು. ಆಮೇಲೆ ಅಭ್ಯಾಸವಾಯಿತು. ಅವರು ಯಾರೆಂದುಕೊಂಡರೂ ಪಕ್ಕದ ಕುರ್ಚಿ ಅವನಿಗೇ ಎಳೆದು ಹಾಕುತ್ತಾರೆ.

ಒಂದು ದಿನ ಟ್ರಂಕಿನಿಂದ ಸುಮ್ಮನೆ ತೆಗೆದ ಹದಿನಾಲ್ಕನೆಯ ನೋಟ್‌ಬುಕ್ಕಿನಲ್ಲಿ ಮಗಳಿಗೆ ಒಂದು ಸಾಲು ಸಿಕ್ಕಿತು: "ಇಂದು ಮೊದಲ ಸಲ ಆಳದ ಕಡೆಯಿಂದ ಆಚೆ ದಡ ಮುಟ್ಟಿದೆ." ಅವಳು ಎರಡು ಸಲ ಓದಿ, ಲಿಫ್ಟಿನ ಕೈಗೆ ಕೊಟ್ಟಳು. ಅವನೂ ಹಾಗೇ ಓದಿದ. ಮುಂದಿನ ಪುಟಗಳನ್ನು ತಿರುವಿದರು. ನಲವತ್ತಮೂರನೆಯ ವಯಸ್ಸಿನಲ್ಲಿ ಮೇಡಂ ಯಾರಿಗೂ ಹೇಳದೆ, ಕೋರ್ಟಿಗೆ ಹೋಗುವ ಮುಂಚೆ ಪುರಸಭೆಯ ಈಜುಕೊಳಕ್ಕೆ ಹೋಗಿ ಈಜು ಕಲಿತಿದ್ದರು. ಒಂದು ಇಡೀ ವರ್ಷ. ಬೆಳಗ್ಗೆ ಅಮ್ಮನ ಕೂದಲು ಒದ್ದೆಯಿರುತ್ತಿದ್ದದ್ದು ಮಗಳಿಗೆ ನೆನಪಿತ್ತು, ಸ್ನಾನ ಎಂದುಕೊಂಡಿದ್ದಳು.

ಈಜುಕೊಳ ಇನ್ನೂ ಇತ್ತು. ಮುಂದಿನ ಭಾನುವಾರ ಬೆಳಗ್ಗೆ ಮೂವರೂ ವ್ಯಾನಿನಲ್ಲಿ ಹೋದರು. ರಜೆಯಾದ್ದರಿಂದ ಮಕ್ಕಳ ಗಲಾಟೆ, ಕ್ಲೋರಿನ್ ವಾಸನೆ, ಒದ್ದೆ ನೆಲದ ಮೇಲೆ ಚಪ್ಪಲಿಗಳ ಚಪಚಪ. ಆಳವಿಲ್ಲದ ಕಡೆಯ ಮೆಟ್ಟಿಲ ಮೇಲೆ ಮೇಡಮ್ಮನ್ನು ಕೂರಿಸಿದರು. ಮಗಳು ಒಂದು ಕಡೆ, ಲಿಫ್ಟು ಇನ್ನೊಂದು ಕಡೆ. ಅವನಿಗೆ ಈಜು ಬರುತ್ತಿರಲಿಲ್ಲ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಕೂತಿದ್ದ. ಮೇಡಂ ನೀರನ್ನು ನೋಡಿದರು. ಇಲ್ಲಿಗೆ ಹಿಂದೆ ಬಂದದ್ದು ಅವರಿಗೆ ನೆನಪಾಯಿತೋ ಇಲ್ಲವೋ ಹೇಳಲಾಗದು. ಪಾದ ಇಳಿಬಿಟ್ಟರು. ಆಮೇಲೆ ಮೊಣಕಾಲು.

"ತಣ್ಣಗಿದೆಯಾ ಅಮ್ಮಾ?"

"ಇದೆ. ಚೆನ್ನಾಗಿದೆ." ಮೇಡಂ ಎರಡೂ ಕೈಗಳನ್ನು ಚಾಚಿದರು, ಒಂದನ್ನು ಮಗಳ ಕಡೆಗೆ, ಒಂದನ್ನು ಲಿಫ್ಟಿನ ಕಡೆಗೆ. "ಹಿಡ್ಕೊಳ್ಳಿ ಇಬ್ಬರೂ. ಇನ್ನೊಂದು ಮೆಟ್ಟಿಲು ಇಳಿಯೋಣ."

ಅವರು ಇಳಿದರು. ನೀರು ಸೊಂಟದವರೆಗೆ ಬಂದಾಗ ಮೇಡಂ ಜೋರಾಗಿ ನಕ್ಕರು.